ಖಾಲಿ ಕಳಿಸಬಾರದ ಪಂಪು

ಸೇಡಂ
೩ ಜೂನ್ ೨೦೨೪

ಅಮೀರ್ ಅಲಿ ಚಾಚಾ ಅವರಿಗೆ,

ಆದ್ರೆ ಯಾವ ಹಾಲು, ಚಾಚಾ? ಎಮ್ಮೆ ಹಾಲಿನಷ್ಟು ಬಿಳಿಯೋ, ಚಹಾದಂಗಡಿಯ ನೀರು ಹಾಲಿನಷ್ಟೋ? "ಪಂಪಿನ ಎಣ್ಣಿ ಹಾಲಿನಂಗ ಬೆಳ್ಳಗಾತು ಅಂದ್ರ ತಿಳಕೋರಿ, ಅದರಾಗ…" ಅಂದಿರಿ. ಅಷ್ಟಕ್ಕೆ ನಿಮ್ಮ ವಾಯ್ಸ್ ಮೆಸೇಜ್ ಮುಗಿಯಿತು. ಅದರ ಕೆಳಗೆ ಬೂದು ಬಣ್ಣದಲ್ಲಿ ಒಂದೇ ಸಾಲು: ಅಮೀರ್ ಅಲಿ ಗುಂಪಿನಿಂದ ಹೊರಹೋದರು. ಆ ವಾಕ್ಯದ ಉಳಿದ ಅರ್ಧಕ್ಕೆ ಏಳು ತಿಂಗಳಿಂದ ಕಾಯುತ್ತಿದ್ದೇನೆ.

ನಾನು ಯಾರು ಅಂತ ಹೇಳಬೇಕಲ್ಲ. ಹೆಸರು ಲುಂಬಿನಿ. ಊರು ಸನ್ನತಿ, ಈಗ ಇರುವುದು ಸೇಡಂ. ಐಟಿಐಯಲ್ಲಿ ಎಸಿ, ಫ್ರಿಜ್ ಕೆಲಸ ಕಲಿತು ನಮ್ಮ ಮಾಮಾನ ರಿಪೇರಿ ಅಂಗಡಿ ಸೇರಿ ಎರಡು ವರ್ಷವಾಯಿತು. ಮೇಸ್ತ್ರಿಗಳ 'ಥಂಡಾ ಬಳಗ' ಗುಂಪಿನಲ್ಲಿ ಒಂದೂ ಮಾತಾಡದೆ ಎಲ್ಲ ಕೇಳುತ್ತಿದ್ದ ಒಬ್ಬ ಹುಡುಗಿ ಇದ್ದಳಲ್ಲ, ಅದು ನಾನೇ. ನನ್ನ ಗೆಳತಿಯರ ಫೋನಿನಲ್ಲಿ ಹಾಡುಗಳಿರುತ್ತವೆ. ನನ್ನದರಲ್ಲಿ ನಿಮ್ಮ ನೂರಾ ಹನ್ನೆರಡು ವಾಯ್ಸ್ ಮೆಸೇಜ್ ಇವೆ. ರೊಟ್ಟಿ ಬಡಿಯುತ್ತ ಕೇಳುತ್ತೇನೆ. "ಗ್ಯಾಸ್ ತುಂಬೋದು ಯಾರಿಗರ ಬರ್ತದ, ಗಾಳಿ ತಗಿಯೋದು ಬರಬೇಕು" ಅಂತ ನೀವು ಅಂದದ್ದನ್ನು ಪಾನಾ, ಇಕ್ಕಳ ಇಡುವ ನನ್ನ ಹತ್ಯಾರದ ಪೆಟ್ಟಿಗೆಯ ಮೇಲೆ ಬರೆದುಕೊಂಡಿದ್ದೇನೆ. ನಿಮ್ಮ ಫೋನು ಹತ್ತುತ್ತಿಲ್ಲ. ವಿಳಾಸ ನಿಮ್ಮ ಅಂಗಡಿಯ ಹಳೇ ವಿಸಿಟಿಂಗ್ ಕಾರ್ಡಿನಲ್ಲಿ ಸಿಕ್ಕಿತು.

ಈಗ ನನ್ನ ಕಷ್ಟ. ಚಿಂಚೋಳಿಯಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಇದೆ. ಅಲ್ಲಿನ ಹೆರಿಗೆ ಕೋಣೆಯ ಎಸಿಗೆ ನಾನು ಕೂಡಿಸಿದ ಎರಡು ಕಂಪ್ರೆಸರ್ ಸುಟ್ಟವು. ಮೊದಲನೆಯದು ಹತ್ತೊಂಬತ್ತು ದಿನಕ್ಕೆ, ಎರಡನೆಯದು ಇಪ್ಪತ್ತಾರು ದಿನಕ್ಕೆ. ಎರಡು ಸಲವೂ ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ ತೆಗೆದವಳು ನಾನು. ಈ ಮೇ ತಿಂಗಳ ಬಿಸಿಲಲ್ಲಿ ನರ್ಸ್ ಅನಸುಬಾಯಿ ಹೆರುವ ಹೆಂಗಸರಿಗೆ ರಟ್ಟಿನ ಫೈಲಿನಿಂದ ಗಾಳಿ ಹಾಕಿದರು. ನನ್ನನ್ನು ನೋಡಿ, "ಏನವ್ವಾ ಇಂಜಿನಿಯರಮ್ಮ, ಕೂಸು ಹುಟ್ಟೂತನಕನರ ನಿನ್ನ ಮಷೀನ್ ಬದುಕ್ತದೋ ಇಲ್ಲೋ?" ಅಂದರು.

ಮೂರನೇ ಕಂಪ್ರೆಸರ್ ಜುಲೈನಲ್ಲಿ ಬರುತ್ತದೆ. ಮಾಮಾ ಹೇಳಿಬಿಟ್ಟಿದ್ದಾರೆ: "ಇದೂ ಸುಟ್ರ ನೀ ಅಂಗಡ್ಯಾಗ ಫೋನ್ ಎತ್ಕೋತ ಕೂಡು. ಏಣಿ ಮುಟ್ಟಬ್ಯಾಡ." ನಾನು ಏಣಿ ಹತ್ತಲೆಂದೇ ಈ ಕೆಲಸಕ್ಕೆ ಬಂದವಳು, ಚಾಚಾ.

ನನಗೆ ಪಂಪಿನ ಎಣ್ಣೆಯ ಮೇಲೆ ಸಂಶಯ. ಎಣ್ಣೆ ಕೆಟ್ಟರೆ ಪಂಪು ಗಾಳಿಯನ್ನು ಪೂರ್ತಿ ಎಳೆಯುವುದಿಲ್ಲ, ಉಳಿದ ಗಾಳಿ ಕಂಪ್ರೆಸರನ್ನು ಸುಡುತ್ತದೆ. ಹೋದ ವರ್ಷದ ಕೊನೆಗೆ ನಮ್ಮ ಅಂಗಡಿಗೆ ತಂದ ಪಂಪಿನ ಜೊತೆ ಬಂದ ಬಾಟಲಿ ಯಾವಾಗಲೋ ಮುಗಿದಿದೆ. ಈಗ ಕಪಾಟಿನಲ್ಲಿರುವುದು ಮೋಟರ್ ಸೈಕಲ್ ಎಂಜಿನ್ ಎಣ್ಣೆ, ಕಂಪ್ರೆಸರ್ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ, ಮತ್ತೆ ಹೆಸರಿಲ್ಲದ ಒಂದು ಕರಿ ಕ್ಯಾನು. ಕೈಗೆ ಸಿಕ್ಕಿದ್ದು ಹಾಕುತ್ತೇವೆ. ಮಾಮಾನನ್ನು ಕೇಳಿದರೆ, "ಎಣ್ಣಿ ಅಂದ್ರ ಎಣ್ಣಿ. ಪಂಪೇನು ನಾಲಿಗಿ ಚಪ್ಪರಿಸಿ ನೋಡ್ತದೇನು?"

ಯಾವುದು ಹಾಕಲಿ? ಒಂದು ಸಾಲು ಬರೆದರೂ ಸಾಕು.

ನಿಮ್ಮ ಫ್ಯಾನ್ (ತಿರುಗುವ ಫ್ಯಾನ್ ಅಲ್ರಿ),
ಲುಂಬಿನಿ


ಸೇಡಂ
೧೯ ಜೂನ್ ೨೦೨೪

ಅಮೀರ್ ಅಲಿ ಚಾಚಾ ಅವರಿಗೆ,

ಪತ್ರದಲ್ಲಿ ನೀಲಿ ಟಿಕ್ ಬರುವುದಿಲ್ಲ. ನೀವು ಓದಿ ಸುಮ್ಮನಿದ್ದೀರೋ, ಪತ್ರವೇ ವಾಡಿ ಸ್ಟೇಷನ್ನಿನಲ್ಲಿ ಕುಂತಿದೆಯೋ ಗೊತ್ತಾಗುತ್ತಿಲ್ಲ. ಹದಿನಾರು ದಿನ ಕಾಯುವುದು ನನಗೆ ರೂಢಿಯಿಲ್ಲ. ಗುಂಪಿನಲ್ಲಾಗಿದ್ದರೆ ಇಷ್ಟೊತ್ತಿಗೆ ಮೂರು ಪ್ರಶ್ನೆ ಚಿಹ್ನೆ ಕಳಿಸಿರುತ್ತಿದ್ದೆ.

ನಿನ್ನೆ ನಮ್ಮ ಪಂಪಿನ ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆಯನ್ನು ಗಾಜಿನ ಲೋಟಕ್ಕೆ ಸುರಿದೆ. ಬಿಳಿ! ಚಹಾದಂಗಡಿ ಹಾಲೇ. ಎಂಜಿನ್ ಎಣ್ಣೆ ಹಾಕಿ ನೋಡಿದೆ. ಎಣ್ಣೆ ಕಾಣಲೆಂದು ಪಂಪಿಗಿರುವ ಗಾಜಿನ ಕಿಂಡಿಯಲ್ಲಿ ಬರೀ ನೊರೆ. ಪಂಪು ಕೆಮ್ಮುವಂತೆ ಸದ್ದು ಮಾಡಿತು.

ಇನ್ನೊಂದು ವಿಷಯ. ಮೊದಲ ಪತ್ರದಲ್ಲಿ ಮಾಮಾನ ಹೆಸರು ಬರೆಯಲಿಲ್ಲ. ಮರೆತದ್ದಲ್ಲ, ಹೆದರಿ ಬಿಟ್ಟದ್ದು. ನಮ್ಮ ಮಾಮಾ ಸೂರ್ಯಕಾಂತ. ನೀವು ಗುಂಪು ಬಿಟ್ಟದ್ದು ಅವರ ಜೊತೆ ಜಗಳವಾಗಿ ಅಂತ ಗೊತ್ತು. ಅವತ್ತು ಅವರು ಗುಂಪಿನಲ್ಲಿ ಏನೋ ಬರೆದು, ನಾನು ನೋಡುವಷ್ಟರಲ್ಲಿ ಅಳಿಸಿದ್ದರು; ಏನು ಜಗಳ ಅಂತ ಹೇಳುವುದಿಲ್ಲ. ನಿಮ್ಮ ಹೆಸರು ಬಂದರೆ ಎದ್ದು ಹೋಗಿ ಸ್ಕೂಟರ್ ಒರೆಸುತ್ತಾರೆ. ಸ್ಕೂಟರ್ ಈಗ ಭಾಳ ಮಿಂಚುತ್ತಿದೆ.

ಸಿಟ್ಟು ಅವರ ಮೇಲಿದ್ದರೆ ಅವರ ಮೇಲೇ ಇರಲಿ. ಎಣ್ಣೆ ಕೇಳುತ್ತಿರುವವಳು ನಾನು.

ಇಂತಿ,
ಲುಂಬಿನಿ


ಶಹಾಬಾದ್
೨೭ ಜೂನ್ ೨೦೨೪

ಲುಂಬಿನಿ ಬೇಟಿಗೆ ಸಲಾಂ,

ಇವರು ಹೇಳಾಕತ್ತಾರ, ನಾ ಬರೆಯಾಕತ್ತೀನಿ. ಇವರಿಗೆ ಉರ್ದು ಬರೆಯಾಕ ಬರ್ತದ, ಕನ್ನಡ ಬರೇ ಬಾಯಿಲೆ. ನಾ ಹಸೀನಾಬೇಗಂ, ಇವರ ಮನಿಯಾಕಿ. ಚಿತ್ತಾಪುರದಾಗ ಏಳನೇ ಕ್ಲಾಸಿನ ತನಕ ಕನ್ನಡ ಸಾಲಿ ಕಲ್ತೀನಿ. ಹೇಳಿದ್ದು ಹೇಳಿದಂಗೇ ಬರಿತೀನಿ.

"ಬೇಟಿ, ನಿನ್ನ ಎರಡೂ ಪತ್ರ ಮುಟ್ಯಾವ. ಸೇಡಂದಾಗ ಹೆಣ್ಣು ಹುಡುಗಿನ್ನ ಏಣಿ ಹತ್ತಸೋ ಅಂಗಡಿ ಒಂದೇ ಅದ, ನೀ ಹೆಸರು ಮುಚ್ಚಿಟ್ರೂ ನನಗ ಮೊದಲೇ ತಿಳದಿತ್ತು. ಸೂರ್ಯಕಾಂತನ ಅಂಗಡಿಗೆ ನನ್ನ ಬಾಯಿಂದ ಒಂದು ಮಾತೂ ಬರಂಗಿಲ್ಲ. ಇಪ್ಪತ್ತು ವರ್ಷ ಒಂದೇ ತಾಟಿನ್ಯಾಗ ಉಂಡೀವಿ. ನನ್ನ ಪಂಪು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಅಲ್ಲಿಂದ ಚಿಂಚೋಳಿ ತನಕ ತಿರಗತಿತ್ತು. ಬಸ್ಸಿನ್ಯಾಗ ಕಂಡಕ್ಟರನ ಕಾಲ ಬಲ್ಲಿ ಇಟ್ಟು ಒಂದು ಫೋನ್ ಹೊಡದ್ರ ಸಾಕು. ಯಾರ ಬಲ್ಲೀನೂ ಪಂಪ್ ಇರಲಿಲ್ಲ, ನಂದು ಅಂದ್ರ ಎಲ್ಲಾರದು ಅಂತ ಕೊಟ್ಟೆ. ಹೋದ ವರ್ಷ ಸೇಡಂದಿಂದ ವಾಪಸ್ ಬಂತು. ಹಚ್ಚಿದೆ. ಎರಡು ಸುತ್ತು ತಿರಗಿ ನಿಂತ್‌ಬಿಡ್ತು. ಅದರ ಹೊಟ್ಟ್ಯಾಗ ಏನ್ ಹಾಕಿದ್ದಿ ಅಂತ ಫೋನ್ ಹಚ್ಚಿ ಕೇಳಿದ್ರ ನಿಮ್ಮ ಮಾಮಾ ಗ್ರೂಪಿನ್ಯಾಗ 'ನಿನ್ನ ಪಂಪಿಗೆ ವಯಸ್ಸಾಗಿತ್ತು, ನಿನ್ನಂಗ' ಅಂತ ಬರದ. ಮುಂದ ಒಂದು ನಗೋ ಮಾರಿ ಇಮೋಜಿ ಹಾಕ್ದ. ನನ್ನ ಪಂಪ್ ಸತ್ತದ, ಅಂವ ನಗೋ ಮಾರಿ ಹಾಕ್ತಾನ! ಅದಕ್ಕ ಹೇಳೋ ಮಾತು ಅರ್ಧಕ್ಕೇ ಬಿಟ್ಟು ಹೊರಗ ಬಂದೆ. ನಿನಗ ಚಂದ ಆಗ್ಲಿ. ಇನ್ನ ಬರಿಬ್ಯಾಡ."

ಅಮೀರ್ ಅಲಿ (ಅವರ ಸಹಿ ಉರ್ದುದಾಗ ಅದ)

ತಾ.ಕ.: ಇವರು ನಮಾಜಿಗೆ ಹೋದ್ರು, ಅದಕ್ಕ ಇದು ನಾ ಬರೆಯಾಕತ್ತೀನಿ. ಹೋಗೂ ಮುಂದ ಬಾಗಲದಾಗ ನಿಂತು ಗ್ವಾಡಿಗೆ ಹೇಳಿದಂಗ ಹೇಳ್ಯಾರ: ಎಣ್ಣಿ ಬೆಳ್ಳಗಾತು ಅಂದ್ರ ಅದರಾಗ ನೀರು ಸೇರ್ಯಾವ. ಕಂಪ್ರೆಸರ್ ಎಣ್ಣಿ ಗಾಳಿಯಾಗಿನ ನೀರು ಕುಡಿತದ, ಪಂಪಿಗೆ ಬ್ಯಾಡ. ಗಾಡಿ ಎಣ್ಣ್ಯಾಗ ಸಾಬೂನಿನಂಥ ಔಷಧ ಇರ್ತದ, ನೊರಿ ಬರ್ತದ. ಹೊಲಿಗಿ ಎಣ್ಣಿ ನೀರಿನಂಗ ತೆಳ್ಳಗ, ಗಾಳಿ ತಡಿಯಂಗಿಲ್ಲ. ಹೆಸರಿಲ್ಲದ್ದು ಮುಟ್ಟಬ್ಯಾಡ. ಡಬ್ಬಿ ಮ್ಯಾಲ ವ್ಯಾಕ್ಯೂಮ್ ಪಂಪ್ ಎಣ್ಣಿ ಅಂತ ಬರದಿರಬೇಕು, ಮಂದ ಎಷ್ಟು ಅಂಬೋದು ಪಂಪಿನ ಪುಸ್ತಕ ನೋಡಿ ತಗೊ. ಗ್ವಾಡಿ ಕೇಳ್ತೋ ಇಲ್ಲೋ, ನಾ ಕೇಳೀನಿ.


ಸೇಡಂ
೪ ಜುಲೈ ೨೦೨೪

ಹಸೀನಾಬೇಗಂ ಚಾಚಿ ಮತ್ತು ನಿಮ್ಮ ಮನೆಯ ಗೋಡೆಗೆ,

ನಿಮ್ಮ ಪತ್ರ ಓದಿ ಅಂಗಡಿಯಲ್ಲೇ ಕುಣಿದೆ. ಮಾಮಾ, "ಲಾಟರಿ ಹತ್ತೇತೇನು?" ಅಂದರು. ಹೂಂ ಅಂದೆ.

ಕಲಬುರಗಿಗೆ ಹೋದ ಒಬ್ಬರ ಕೈಯಿಂದ ಸರಿಯಾದ ಎಣ್ಣೆಯ ಡಬ್ಬಿ ತರಿಸಿದೆ. ಗೋಡೆಗೆ ಹೇಳಿರಿ ಚಾಚಿ, ಎಷ್ಟು ತಿಳಿ ಅಂತ! ಬಾಟಲಿಯ ಹಿಂದೆ ಬೆರಳಿಟ್ಟರೆ ಬೆರಳಿನ ಗೆರೆ ಕಾಣುತ್ತದೆ. ಹಳೆಯದನ್ನು ಸುರಿದು ಹೊಸದನ್ನು ತುಂಬಿದೆ. ಒಳಗೆ ಎಷ್ಟು ಗಾಳಿ ಉಳಿದಿದೆ ಎಂದು ಅಂಕಿಯಲ್ಲಿ ತೋರಿಸುವ ಮೀಟರನ್ನು ಬರೀ ಪಂಪಿಗೆ ಸಿಕ್ಕಿಸಿ ಹಚ್ಚಿದೆ. ಮೀಟರಿನ ಅಂಕಿ ಐನೂರಕ್ಕಿಂತ ಕೆಳಗೆ ಇಳಿಯಬೇಕು ಅಂತ ನಿಮ್ಮ ಯಜಮಾನರೇ ಮೆಸೇಜಿನಲ್ಲಿ ಹೇಳಿದ್ದರು. ಎರಡು ಸಾವಿರಕ್ಕೆ ಬಂದು ನಿಂತಿತು. ಅರ್ಧ ಗಂಟೆಗೆ ಹೊಸ ಎಣ್ಣೆಯೂ ಮಬ್ಬಾಯಿತು.

ಎಲ್ಲಿ ತಪ್ಪಿದೆ? ಬರಿಬ್ಯಾಡ ಅಂದಿದ್ದಾರೆ, ಬರೆಯುತ್ತಿದ್ದೇನೆ. ಹದಿನಾರು ದಿನದಲ್ಲಿ ಮತ್ತೆ ಚಿಂಚೋಳಿಗೆ ಹೋಗಬೇಕು. ಇಲ್ಲಿ ಮಳೆ ಹಿಡಿದಿದೆ. ಹೊಲಕ್ಕೆಲ್ಲ ತೊಗರಿ ಬಿತ್ತಿದ್ದಾರೆ, ಎಲ್ಲರ ಮುಖದಲ್ಲೂ ಖುಷಿ. ನಾನೊಬ್ಬಳೇ ಗಾಳಿಯಲ್ಲಿನ ನೀರಿಗೆ ಬೈಯುತ್ತ ಕೂತಿದ್ದೇನೆ.

ಇಂತಿ ನಿಮ್ಮ,
ಲುಂಬಿನಿ


ಶಹಾಬಾದ್
೧೦ ಜುಲೈ ೨೦೨೪

ಲುಂಬಿನಿ ಬೇಟಿ,

"ಗ್ವಾಡಿಗೆ ಪತ್ರ ಬರದೀ ಅಂತ. ಇಕಿ ಓದಿ ಓದಿ ನಗಾಕತ್ತಾಳ. ಇರ್ಲಿ. ತಪ್ಪು ಕೆಲಸ ನಡ್ಯಾಕತ್ತದ ಅಂತ ತಿಳದ ಮ್ಯಾಲ ಸುಮ್ಮ ಕೂಡಾಕ ನನಗ ಬರಂಗಿಲ್ಲ, ಅದಕ್ಕ ಹೇಳಾಕತ್ತೀನಿ. ಸೂರ್ಯಕಾಂತನ ಸಲುವಾಗಿ ಅಲ್ಲ.

"ಉಪ್ಪಿನಕಾಯಿ ಭರಣಿ ಒಂದು ಸಲ ತೊಳದ್ರ ವಾಸನಿ ಹೋಗ್ತದೇನು? ಪಂಪೂ ಹಂಗ. ನೀ ಸುರದ ಮ್ಯಾಲೂ ಒಳಗ ಹಳೇ ಎಣ್ಣಿ ಗ್ವಾಡಿಗೆ ಹತ್ತಿರ್ತದ. ಹೊಸಾದು ಹಾಕು, ಹತ್ತು ನಿಮಿಷ ತಿರಗಸು, ಬಿಸಿ ಇದ್ದಾಗೇ ಸುರಿ. ತಣ್ಣಗಾದ ಮ್ಯಾಲ ಸುರದ್ರ ಹೊಲಸು ತಳದಾಗೇ ಉಳಿತದ. ಹಿಂಗ ಮೂರು ಸಲ. ಜಿಪುಣತನ ಮಾಡಬ್ಯಾಡ. ಪಂಪಿನ ಎಣ್ಣಿ ಬರೇ ಜಾರಿಕಿಗೆ ಅಲ್ಲ, ಅದೇ ಬಾಗಲಾ, ಅದೇ ಕೀಲಿ. ಹೊರಗಿನ ಗಾಳಿ ಒಳಗ ಬರಲಾರದಂಗ ತಡಿಯೋದು ಅದೇ. ನೀರು ಕುಡದ ಎಣ್ಣಿ ಗಾಳಿ ತಡಿಯಂಗಿಲ್ಲ.

"ಎಣ್ಣಿ ಗಾಜಿನ ನಡುವಿನ ಗೆರಿ ತನಕ. ಮ್ಯಾಲ ತುಂಬಿದ್ರ ಕಾರ್ತದ. ಮ್ಯಾಲ ಒಂದು ಸಣ್ಣ ತಿರುಪು ಅದಲ್ಲ, ಮೊದಲ ಸ್ವಲ್ಪ ಹೊತ್ತು ಅದು ಸಡಿಲ ಬಿಡು, ಹಸಿ ಗಾಳಿ ಎಣ್ಣ್ಯಾಗ ಸೇರಲಾರದಂಗ ಹೊರಗ ಹೋಗ್ತದ. ಆಮ್ಯಾಲ ಬಿಗಿ ಮಾಡು. ಎರಡು ಕಂಪ್ರೆಸರ್ ಸುಟ್ಟ ಪೈಪದು, ಒಳಗ ಆಸಿಡ್ ಹುಳಿ ಇರ್ತದ. ತೊಳಿ, ನೀರು ಹೀರೋ ಡ್ರೈಯರ್ ಹೊಸಾದು ಹಾಕು.

"ಐನೂರರ ತಳಗ ಬಂತು ಅಂತ ಕುಣಿಬ್ಯಾಡ. ವಾಲ್ ಮುಚ್ಚು, ಪಂಪ್ ಬಂದ್ ಮಾಡು, ಕುಂದ್ರು. ಅಂಕಿ ಏರಿ ಏರಿ ಎಲ್ಲೂ ನಿಲ್ಲಲಿಲ್ಲ ಅಂದ್ರ ತೂತು ಅದ. ಸ್ವಲ್ಪ ಏರಿ ಒಂದು ಕಡಿ ನಿಂತ್ರ ಇನ್ನ ನೀರದಾವ. ಏರಲೇ ಇಲ್ಲ ಅಂದ್ರ ಗ್ಯಾಸ್ ಬಿಡು. ಅವಸರ ಮಾಡಿದಾಕಿ ಫೋನ್ ಎತ್ಕೋತ ಕೂಡ್ತಾಳ."

ಅಮೀರ್ ಅಲಿ

ಇದು ನನ್ನ ಮಾತು: ಇಷ್ಟು ಹೇಳೂ ಮುಂದ ಇವರು ಮಂಚದಿಂದ ಎದ್ದು ಕೈ ಮಾಡಿ ಮಾಡಿ ತೋರಸ್ತಿದ್ರು. ಭಾಳ ದಿನದ ಮ್ಯಾಲ ನೋಡ್ದೆ. ಇನ್ನ ಹೆಚ್ಚು ಹೆಚ್ಚು ತಪ್ಪು ಮಾಡು, ಬೇಟಿ.
ಹಸೀನಾಬೇಗಂ


ಸೇಡಂ
೨೨ ಜುಲೈ ೨೦೨೪

ಚಾಚಾ, ಚಾಚಿ,

ಶನಿವಾರ ಚಿಂಚೋಳಿಗೆ ಹೋಗಿಬಂದೆ. ಒಬ್ಬಳೇ. ಮಾಮಾ ಬರಲಿಲ್ಲ. "ನೀ ಮಾಡು, ನಾ ಇದ್ರ ನನ್ನ ಮ್ಯಾಲ ಹಾಕ್ತಿ" ಅಂದರು.

ಎಣ್ಣೆ ಮೂರು ಸಲ ಅಲ್ಲ, ನಾಲ್ಕು ಸಲ ಬದಲಿಸಿದೆ. ಪೈಪು ತೊಳೆದೆ, ಡ್ರೈಯರ್ ಹೊಸದು ಹಾಕಿದೆ. ತಿರುಪು ಸಡಿಲ ಬಿಟ್ಟು ಹಚ್ಚಿದೆ. ಹೊರಗೆ ಗುಡ್ಡದ ಕಡೆಯಿಂದ ಮಳೆ ಬರುತ್ತಿತ್ತು, ಛಾವಣಿ ಮೇಲೆ ನಾನು, ಪಂಪು, ನಡುವೆ ಒಂದು ಕೊಡೆ. ಕೊಡೆ ಪಂಪಿಗೆ. ಅಂಕಿ ಎರಡು ಸಾವಿರ ದಾಟಿ ಇಳಿಯಿತು, ಸಾವಿರ ದಾಟಿತು, ಆರುನೂರಕ್ಕೆ ಬಂದು ಹಟ ಹಿಡಿಯಿತು. ಎಣ್ಣೆ ನೋಡಿದರೆ ಮತ್ತೆ ಮಬ್ಬು. ಐದನೇ ಸಲ ಬದಲಿಸಿದೆ. ಆಮೇಲೆ ಮುನ್ನೂರ ಎಂಬತ್ತು!

ವಾಲ್ ಮುಚ್ಚಿ ಕೂತೆ. ಅನಸುಬಾಯಿ ಮೇಲೆ ಬಂದು, "ಏನು ಮಾಡಾಕತ್ತಿ?" ಅಂದರು. "ಏನೂ ಮಾಡ್ತಿಲ್ರಿ, ಕುಂತೀನಿ" ಅಂದೆ. "ಹಿಂದಿನ ಎರಡು ಸಲ ನೀ ಒಮ್ಮಿನೂ ಕುಂತಿದ್ದಿಲ್ಲವ್ವಾ" ಅಂದರು. ನಿಜ. ಆಗ ಈ ಮೀಟರ್ ಹಚ್ಚಿರಲಿಲ್ಲ, ಗೇಜಿನ ಮುಳ್ಳು ತಳಕ್ಕೆ ಬಿತ್ತೆಂದು ತಕ್ಷಣ ಗ್ಯಾಸ್ ಬಿಟ್ಟಿದ್ದೆ. ಅರ್ಧ ಗಂಟೆ ಕೂತೆ. ಅಂಕಿ ಕೊಂಚ ಏರಿ ನಾನೂರ ಹತ್ತರಲ್ಲಿ ನಿಂತುಬಿಟ್ಟಿತು. ಇದು ನೀರೋ, ಸರಿಯೋ? ನಿಮಗೆ ಕೇಳಲು ಪತ್ರಕ್ಕೆ ನಾಲ್ಕು ದಿನ ಬೇಕು. ನಾನೇ ನಿರ್ಧಾರ ಮಾಡಬೇಕಿತ್ತು. ಇನ್ನೊಂದು ಗಂಟೆ ಪಂಪ್ ಓಡಿಸಿ, ಮತ್ತೆ ಮುಚ್ಚಿ ಕೂತೆ. ಮುನ್ನೂರಕ್ಕಿಳಿದದ್ದು ಕದಲಲಿಲ್ಲ. ಗ್ಯಾಸ್ ಬಿಟ್ಟೆ.

ಕೋಣೆ ತಣ್ಣಗಾಯಿತು. ಆದರೆ ಹಿಂದೆಯೂ ತಣ್ಣಗಾಗಿತ್ತು. ಇಪ್ಪತ್ತಾರು ದಿನ ದಾಟಲಿ, ಆಮೇಲೆ ಮಾತು.

ಕಾಯುತ್ತಿರುವ,
ಲುಂಬಿನಿ


ಸೇಡಂ
೧೦ ಆಗಸ್ಟ್ ೨೦೨೪

ಚಾಚಾ ಅವರಿಗೆ,

ಇಪ್ಪತ್ತೊಂದು ದಿನವಾಯಿತು, ಕಂಪ್ರೆಸರ್ ನಡೆಯುತ್ತಿದೆ. ದಿನಾ ಅನಸುಬಾಯಿಗೆ ಫೋನ್ ಮಾಡಿ, "ಹೆಂಗದರಿ?" ಅನ್ನುತ್ತೇನೆ. ನಿನ್ನೆ ಅವರು, "ಯಾರು, ಬಾಣಂತಿನೋ ಮಷೀನೋ?" ಅಂದರು.

ಕಾಯುತ್ತ ಕೂಡಲಾರದೆ ಒಂದು ಕೆಲಸ ಮಾಡಿದೆ. ನಿಮಗೆ ಸಿಟ್ಟು ಬರಬಹುದು. ನಿಮ್ಮ ಪಂಪು ಯಾಕೆ ಸತ್ತಿತು ಅಂತ ಕೇಳಲು ಅದು ತಿರುಗಿದ ಊರುಗಳಿಗೆ ಹೋಗಿಬಂದೆ.

ಮೊದಲು ವಾಡಿ. ಕಲೀಮ್ ಭಾಯಿಯ ಅಂಗಡಿಯಲ್ಲಿ ಎಲ್ಲದರ ಮೇಲೂ ಸಿಮೆಂಟಿನ ಧೂಳು, ಅವರ ಹುಬ್ಬಿನ ಮೇಲೂ. "ಪಂಪ್ ವಾಪಸ್ ಕಳಿಸುವಾಗ ಏನು ಮಾಡುತ್ತಿದ್ದಿರಿ?" ಅಂದೆ.

"ಬಸ್ಸಿನ್ಯಾಗ ಎಣ್ಣಿ ಚೆಲ್ತಿತ್ತು, ಅದಕ್ಕ ಇಲ್ಲಿ ಬರೋದ್ರಾಗ ಅರ್ಧ ಆಗಿರ್ತಿತ್ತು. ನಾ ತುಂಬಿ ಕಳಸ್ತಿದ್ದೆ. ಮಂದಿ ಮನಿ ಡಬ್ಬಿ ಬಂದ್ರ ಒಂದು ಮುಟಗಿ ಸಕ್ರಿನರ ಹಾಕಿ ಕೊಡ್ತೀವಿಲ್ಲೋ? ಚಾಚಾನ ಪಂಪ್ ಖಾಲಿ ಕಳಸಿದ್ರ ನಮ್ಮ ಅಮ್ಮಿ ಗೋರ್ಯಾಗಿಂದ ಎದ್ದು ಬಂದು ಹೊಡಿತಿದ್ಳು."

"ಯಾವ ಎಣ್ಣೆ?"

"ಕಂಪ್ರೆಸರ್ ಎಣ್ಣಿ. ಸೀಲ್ ಒಡಿಲಾರದ ಡಬ್ಬಿದು! ಅವರ ಪಂಪಿಗೆ ಉಳದದ್ದು ಬಳದದ್ದು ಹಾಕ್ತೀನೇನು ನಾ?"

ಚಿತ್ತಾಪುರದಲ್ಲಿ ಎಸಿ ಮೇಸ್ತ್ರಿ ಅಂಬರೇಶ ಅಣ್ಣ ತಲೆ ಕೆರೆದುಕೊಂಡರು. ಅವರು ತುಂಬುತ್ತಿದ್ದದ್ದು ಹೊಲಿಗೆ ಮಷೀನಿನ ಎಣ್ಣೆ. ಒಳಗಿಂದ ಅವರ ಹೆಂಡತಿ ಭಾಗ್ಯಕ್ಕ ಕತ್ತರಿ ಹಿಡಿದೇ ಹೊರಗೆ ಬಂದರು. "ಅಯ್ಯ ಶಿವನ! ನನ್ನ ಎಣ್ಣಿ ಬಾಟ್ಲಿ ಅದಕ್ಕೇನು ಖಾಲಿ ಆಗ್ತಿತ್ತು? ನಾ ಹೊಲಿಗಿ ಕಲಿಯಾಕ ಬರೋ ಹುಡುಗ್ಯಾರ ಮ್ಯಾಲ ಸಂಶಯ ಪಟ್ಟು ಒಬ್ಬಾಕಿಗೆ ಬೈದೂ ಬಿಟ್ಟೀನಲ್ರೀ!"

ಕೊನೆಗೆ ನಮ್ಮ ಮಾಮಾ. ಈ ಸಲ ಸ್ಕೂಟರಿನ ಕೀಲಿ ನನ್ನ ಕೈಯಲ್ಲಿಟ್ಟುಕೊಂಡೇ ಕೇಳಿದೆ. ಕೀಲಿಯನ್ನೇ ನೋಡುತ್ತ ಹೇಳಿದರು: "ನನ್ನ ಗಾಡಿಗಂತ ಛಲೋ ಎಂಜಿನ್ ಎಣ್ಣಿ ತಂದಿದ್ದೆ. ಗಾಡಿಗೆ ಹಾಕ್ಲಿಲ್ಲ, ಅಮೀರನ ಪಂಪಿಗೆ ಹಾಕ್ದೆ. ಅಂವ ಫೋನ್ ಹಚ್ಚಿ ಏನ್ ಹಾಕಿದ್ದಿ ಅಂದ್ರ ನಾ ಏನನ್ಲಿ? ನಿನಗ ಕೊಟ್ಟಿದ್ದು ನನ್ನ ಹತ್ರ ಇದ್ದಿದ್ದರಾಗ ಛಲೋದು ಅನ್ಲೇನು? ನಾಚಿಕಿ ಬಂತು, ನಗೋ ಮಾರಿ ಹಾಕ್ದೆ."

ಮೂರೂ ಊರಿನವರು ಮೇಲಿಂದ ಮೇಲೆ ತುಂಬಿದ್ದಾರೆ, ಚಾಚಾ. ಯಾರೂ ಹಳೆಯದನ್ನು ಸುರಿಯಲಿಲ್ಲ. ಮೂರು ಎಣ್ಣೆ ಒಂದೇ ಹೊಟ್ಟೆಯಲ್ಲಿ ಸೇರಿ, ಮೇಲೆ ಮಳೆಗಾಲದ ನೀರು, ವಾಡಿಯ ಧೂಳು.

ಇನ್ನು ಕಡೆಯದು. ನಿಮ್ಮ ನೂರಾ ಹನ್ನೆರಡು ಮೆಸೇಜನ್ನೂ ಮತ್ತೆ ಕೇಳಿದೆ. ನಲವತ್ತೊಂದನೆಯದರಲ್ಲಿ ನಿಮ್ಮದೇ ಧ್ವನಿ: "ಯಾರೂ ಪಂಪ್ ಖಾಲಿ ಕಳಸಬ್ಯಾಡ್ರಿ. ಮುಂದಿನವಗ ಮುಟ್ಟಿದ ಕೂಡ್ಲೇ ಕೆಲಸ ಚಾಲೂ ಆಗಬೇಕು. ಎಣ್ಣಿ ತುಂಬಿ ಕಳಸ್ರಿ." ಯಾವ ಎಣ್ಣೆ ಅಂತ ಅದರಲ್ಲಿ ಇಲ್ಲ. ಅದರ ಮುಂದಿನ ಎಪ್ಪತ್ತೊಂದರಲ್ಲೂ ಇಲ್ಲ.

ಇಲ್ಲಿಯವರೆಗಿನದನ್ನು ಹತ್ತನೇ ತಾರೀಖಿಗೇ ಬರೆದು ನಾಲ್ಕು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಗುಂಪಿನಲ್ಲಾದರೆ ಕಳಿಸಿ ಅಳಿಸಬಹುದು. ಅಂಚೆ ಡಬ್ಬಿಯಿಂದ ಕೈ ವಾಪಸ್ ಬರುತ್ತದೆ, ಪತ್ರ ಬರುವುದಿಲ್ಲ. ಆದರೂ ಹಾಕುತ್ತಿದ್ದೇನೆ. ತಪ್ಪು ಕೆಲಸ ಕಂಡ ಮೇಲೆ ಸುಮ್ಮನೆ ಕೂಡಬಾರದು ಅಂತ ಕಲಿಸಿದವರು ನೀವೇ.

ಇಂತಿ ನಿಮ್ಮ,
ಲುಂಬಿನಿ


ಶಹಾಬಾದ್
೨೮ ಆಗಸ್ಟ್ ೨೦೨೪

ಬೇಟಿ ಲುಂಬಿನಿ,

ಈ ಸಲ ನಾ ಒಬ್ಬಾಕೇ ಬರೆಯಾಕತ್ತೀನಿ. ಇವರು 'ಏನೂ ಬರಿಬ್ಯಾಡ' ಅಂದಾರ, ಅದಕ್ಕ ಬರಿತೀನಿ.

ನಿನ್ನ ಪತ್ರ ಓದಿ ಹೇಳ್ದೆ. ಸಕ್ರಿ ಮಾತು ಬಂದಾಗ ನಕ್ರು. ಭಾಗ್ಯಳ ಮಾತಿಗೂ ನಕ್ರು. ಸೂರ್ಯಕಾಂತ ಭಾಯಿ ಮಾತು ಬಂದಾಗ ಟೋಪಿ ತಗದು ತೊಡಿ ಮ್ಯಾಲ ಇಟ್ಕೊಂಡ್ರು. ನಲವತ್ತೊಂದು ಬಂದಾಗ, "ಇನ್ನೊಮ್ಮಿ ಓದು" ಅಂದ್ರು. ಓದಿದೆ. "ನಾ ಹಂಗಂದಿದ್ನಾ?" ಅಂದ್ರು. "ಹುಡುಗಿ ಲೆಕ್ಕ ಹಾಕಿ ನಂಬರ್ ಸೈತ ಬರದಾಳ" ಅಂದೆ. ಅವತ್ತ ರಾತ್ರಿ ಊಟಕ್ಕ ಎರಡು ಸಲ ಕರಿಬೇಕಾತು.

ಎಂಟು ದಿನ ಹೋದ್ವು. ಆಮ್ಯಾಲ ಒಂದು ಮುಂಜಾನಿ ಮಂಚದ ತಳಗಿಂದ ಪಂಪ್ ಎಳದು ಅಂಗಳದ ಫರ್ಸಿ ಕಲ್ಲಿನ ಮ್ಯಾಲ ಬಿಚ್ಚಿ ಹರವ್ಯಾರ. ಒಳಗಿಂದ ಬಂದದ್ದು ಎಣ್ಣಿ ಅಲ್ಲ, ಬೇಟಿ, ಬೆ‌ಲ್ಲದ ಪಾಕ ಸುಟ್ಟಂಗ ಅಂಟು. ಕತ್ತಿಯಂಥ ಎರಡು ತಗಡು ಅದರಾಗ ಸಿಕ್ಕೊಂಡಿದ್ವು. "ಸತ್ತಿಲ್ಲ ಇದು, ಅಂಟಿ ಕುಂತದ" ಅಂತ ನನ್ನ ಕರದು ತೋರಿಸಿದ್ರು. ಮೂರು ದಿನ ತೊಳದಾರ. ನಿನ್ನೆ ಕೈಲೆ ತಿರಗಿಸಿದ್ರ ತಿರಗ್ತು. ಕರೆಂಟ್ ಹಚ್ಚಿ ನೋಡ್ರಿ ಅಂದ್ರ, ಕರೆಂಟ್ ಇಲ್ಲ ಅಂತಾರ. ನಮ್ಮ ಮನಿಯಾಗ ಟೀವಿ ಚಾಲೂ ಅದ.

ಫೋನ್ ಮಾಡ್ರಿ ಸೂರ್ಯಕಾಂತ ಭಾಯಿಗೆ ಅಂದೆ. "ಏನಂತ ಮಾಡ್ಲಿ? ಎಲ್ಲಾರೂ ಮಾಡಿದ್ದು ನಾ ಹೇಳಿದ್ದೇ" ಅಂತಾರ. ಅಲ್ಲೇ ನಿಂತದ ಗಾಡಿ.

ದಿನಾ ಒಂದು ಮಾತು ಮಾತ್ರ ಕೇಳ್ತಾರ: "ಹುಡುಗಿ ಕಂಪ್ರೆಸರ್ ನಡದದಂತೇನು?" ಪತ್ರ ಬಂದಿಲ್ಲ ಅಂತೀನಿ. ಜಲ್ದಿ ಬರಿ.

ನಿನ್ನ ಚಾಚಿ,
ಹಸೀನಾಬೇಗಂ


ಚಿಂಚೋಳಿ
೧೫ ಸೆಪ್ಟೆಂಬರ್ ೨೦೨೪

ಅಮೀರ್ ಅಲಿ ಚಾಚಾ ಅವರಿಗೆ,

ಐವತ್ತೇಳು ದಿನ! ಈ ಪತ್ರವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಪ್ಪತ್ತಾರನೇ ದಿನ ನನಗೆ ಊಟ ಸೇರಲಿಲ್ಲ. ಇಪ್ಪತ್ತೇಳನೇ ದಿನ ಎರಡು ರೊಟ್ಟಿ ಹೆಚ್ಚು ತಿಂದೆ. ಇವತ್ತು ಕರೆಂಟು ಎಳೆಯುವುದನ್ನು ಅಳೆದು ನೋಡಿದೆ, ಮೊದಲ ದಿನ ಎಷ್ಟಿತ್ತೋ ಅಷ್ಟೇ ಇದೆ. ಅನಸುಬಾಯಿ, "ನಿನ್ನ ಮಷೀನ್ ಚಾಲೂ ಆದ ಮ್ಯಾಲ ಮೂವತ್ತೊಂದು ಕೂಸು ಹುಟ್ಯಾವ ನೋಡು. ಎಲ್ಲಾ ಥಂಡಿಗೇ ಚೀರ್ಯಾವ" ಅಂದರು. ಇಂಜಿನಿಯರಮ್ಮ ಅನ್ನುವುದನ್ನು ಬಿಟ್ಟಿದ್ದಾರೆ. ಈಗ ಲುಂಬಿನಿ ಅನ್ನುತ್ತಾರೆ.

ಸುದ್ದಿ ಇನ್ನೂ ಇದೆ. ಇಲ್ಲಿನ ಡಾಕ್ಟರಮ್ಮ ಆಪರೇಷನ್ ಕೋಣೆಗೆ ಎರಡು ಹೊಸ ಎಸಿ ಕೂಡಿಸಬೇಕೆಂದು ನನ್ನನ್ನು ಕರೆದರು. ಮಾಮಾನನ್ನಲ್ಲ, ನನ್ನನ್ನು. "ಕೆಲಸ ಮಾಡೋರ ಹೆಸರು ಹೇಳಮ್ಮ" ಅಂದರು. ಹೇಳಿದೆ. ಕಾಗದದಲ್ಲಿ ಬರೆದುಕೊಂಡರು. ಅಕ್ಷರ ಸರಿ ಇವೆಯೋ ಅಂತ ಬಗ್ಗಿ ನೋಡಿದೆ.

ತೊಡಕು ಒಂದೇ. ಆಪರೇಷನ್ ಕೋಣೆಯನ್ನು ಒಂದು ದಿನಕ್ಕಿಂತ ಹೆಚ್ಚು ಮುಚ್ಚಲು ಬರುವುದಿಲ್ಲ. ಅಕ್ಟೋಬರ್ ಆರು, ಭಾನುವಾರ ಮಾತ್ರ ನಮ್ಮದು. ಪೈಪು ಉದ್ದ, ಎರಡು ಲೈನು. ನಮ್ಮ ಒಂದು ಪಂಪಿನಿಂದ ಒಂದಾದ ಮೇಲೆ ಒಂದು ಮಾಡಿದರೆ ಎರಡು ದಿನ ಹಿಡಿಯುತ್ತದೆ. ಅವಸರ ಮಾಡಿದರೆ ಗತಿ ಏನು ಅಂತ ನನಗಿಂತ ಚೆನ್ನಾಗಿ ತಿಳಿದವರಿಲ್ಲ. ಎರಡನೇ ಪಂಪು ಬೇಕು. ಎರಡನೇ ಮೀಟರಿನ ಮುಂದೆ ಸುಮ್ಮನೆ ಕೂಡಬಲ್ಲ ಮನುಷ್ಯ ಬೇಕು. ಸುಮ್ಮನೆ ಕೂಡುವುದು ಎಷ್ಟು ಕಷ್ಟ, ಎಲ್ಲರಿಗೂ ಬರುವುದಿಲ್ಲ.

ಮಾಮಾನ ಮುಂದೆ ನಿಮ್ಮ ಹೆಸರು ಹೇಳಿದೆ. ಎದ್ದು ಹೋಗಲಿಲ್ಲ.

"ಅಂವ ಬರ್ತಾನೇನು?" ಅಂದರು.

"ಕೇಳಿ ನೋಡ್ತೀನಿ. ಬಂದ್ರ ನೀವು ಮಾತಾಡ್ತೀರೇನು?"

"ಮೊದಲ ನಾ ಮಾತಾಡಂಗಿಲ್ಲ."

"ಮಾತು ಬ್ಯಾಡ ಮಾಮಾ. ಏಣಿ ಹಿಡೀರಿ, ಸಾಕು. ಒಂದು ಕಡಿ ನೀವು, ಇನ್ನೊಂದು ಕಡಿ ಅವರು. ಮ್ಯಾಲ ನಾ ಇರ್ತೀನಿ. ಇಬ್ಬರೊಳಗ ಒಬ್ಬರು ಸಿಟ್ಟಿಲೆ ಕೈ ಬಿಟ್ರ ಬೀಳಾಕಿ ನಾನೇ."

ಮಾಮಾ ಗೋಡೆಗೊರಗಿಸಿದ್ದ ಏಣಿಯನ್ನು ಒಮ್ಮೆ ಅಲುಗಾಡಿಸಿ ನೋಡಿದರು. ಆಮೇಲೆ, "ಅಂವ ಎಡಗೈ ಮನಷ್ಯಾ. ಅವನಿಗೆ ಎಡಗಡಿ ಬಿಡು" ಅಂದರು.

ನಿಮ್ಮ ಪಂಪಿಗೆ ಇನ್ನೂ ಎಣ್ಣೆ ಹಾಕದಿದ್ದರೆ ಹಾಗೇ ಒಣಗಿದ್ದನ್ನೇ ತನ್ನಿ. ಎರಡು ಪಂಪಿಗೂ ಒಂದೇ ಡಬ್ಬಿಯ ಎಣ್ಣೆ ನಾನು ತರುತ್ತೇನೆ, ಬದಲಿಸಲು ಬೇಕಾದಷ್ಟು. ಬೆಳಿಗ್ಗೆ ಮೊದಲ ಬಸ್ಸಿಗೆ ಸೇಡಂಗೆ ಬಂದರೆ ಮೂವರೂ ಕೂಡಿ ಹೋಗಬಹುದು. ಚಾಚಿಯೂ ಬಂದರೆ ಇನ್ನೂ ಚಂದ. ಊಟ ನಮ್ಮದು, ತೊಗರಿಬೇಳೆ ಮತ್ತು ಕಡಕ್ ರೊಟ್ಟಿ.

ಇಂತಿ,
ಲುಂಬಿನಿ
ಮೇಸ್ತ್ರಿ

ತಾ.ಕ.: ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬಾರದು. ಅವತ್ತು ಕಾಗದದಲ್ಲಿರುವುದು ನನ್ನ ಹೆಸರು. ಯಾವ ವಾಲ್ ಯಾವಾಗ ಮುಚ್ಚಬೇಕು, ಗ್ಯಾಸ್ ಯಾವಾಗ ಬಿಡಬೇಕು, ಎಲ್ಲ ನಾನು ಹೇಳಿದಂತೆ. ಮಾಮಾ ಆಗಲಿ ಅಂದಿದ್ದಾರೆ. ನಲವತ್ತು ವರ್ಷ ಎಲ್ಲರಿಗೂ ಹೇಳಿದವರು ನೀವು, ಒಂದೇ ಒಂದು ದಿನ ನನ್ನ ಕೈಕೆಳಗೆ ದುಡಿಯುವ ತಾಕತ್ತು ನಿಮಗದ ಏನ್ರಿ, ಚಾಚಾ?